ಅಕ್ರೋಟಿನ ಕಪ್ಪು

ಅಕ್ಟೋಬರ್ ಬಂತೆಂದರೆ ತೋಟದ ಭಾಯಿಯ ಅಂಗೈಗಳು ಕಪ್ಪಾಗುತ್ತಿದ್ದವು. ಅಕ್ರೋಟಿನ ಹಸಿರು ಸಿಪ್ಪೆಯ ರಸ ಅದು. ಸೋಪು, ನಿಂಬೆಹಣ್ಣು, ಸೀಗೆಪುಡಿ ಯಾವುದಕ್ಕೂ ಹೋಗದು. ಆ ಕೈಯಲ್ಲೇ ಚೀಲ ಹಿಡಿದು ವುಲ್ವರ್‌ಹ್ಯಾಂಪ್ಟನ್ನಿನ ನಮ್ಮ ಮನೆಗೆ ಬರುವರು. "ಏನು ಭಾಯಿ, ಕೈತುಂಬ ಮೆಹಂದಿ! ಇನ್ನೊಂದು ನಿಕಾಹ್ ಆಗ್ತೀರಾ?" ಎಂದು, ಮಕ್ಕಳೇ, ನಿಮ್ಮ ತಾತ ಕೆಣಕುವರು. "ಮೊದಲನೇಕಿ ಬಿಟ್ರ ಅಲ್ರೀ!" ಎನ್ನುವರು ಭಾಯಿ.

ಬೀದರ್ ಕಡೆಯವರು. ಮನೆಯಲ್ಲಿ ದಖ್ಖನಿ ಉರ್ದು, ನಮ್ಮೊಡನೆ ಕನ್ನಡ. ಇಂಗ್ಲೆಂಡಿಗೆ ಬಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು, ಆಮೇಲೆ ಊರಾಚೆ ಜಮೀನು ಕೊಂಡು ಅಕ್ರೋಟು ಹಾಕಿದರು. ಹವ್ಯಾಸಕ್ಕಲ್ಲ, ಅಂಗಡಿ, ಬೇಕರಿಗಳಿಗೆ ಮಾರಿ ಅದರಿಂದಲೇ ಬದುಕುತ್ತಿದ್ದರು. ಸಸಿ ನೆಟ್ಟವರು ಒಳ್ಳೆಯ ಬೆಳೆ ಕಾಣಲು ವರ್ಷಗಟ್ಟಲೆ ಕಾಯಬೇಕು. "ಅವಸರ ಇದ್ದಾಂವ ಮೂಲಂಗಿ ಹಾಕ್ಲಿ" ಎಂಬುದು ಅವರ ಮಾತು.

ನಿಮ್ಮ ತಾತ ಹೋದ ಮೇಲೆ ನಾನು ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದೆ. ಮೊದಲೇ ನಾಲ್ಕು ಜನರೆದುರು ಬಾಯಿ ಬಾರದವಳು. ಬಂದವರೆಲ್ಲ "ಕೂತ್ಕೊಳ್ಳಿ ಅಮ್ಮ, ರೆಸ್ಟ್ ತಗೊಳ್ಳಿ" ಎನ್ನುತ್ತಿದ್ದರು. ಕೂತೇ ಇದ್ದೆ. ಆ ಶರತ್ಕಾಲದಲ್ಲಿ ದೊಡ್ಡ ಬಿರುಗಾಳಿ ಬೀಸಿತು. ಮರುದಿನ ಬೆಳಿಗ್ಗೆ ಭಾಯಿಯ ಫೋನ್.

"ಅಕ್ಕಾರ, ಗಿಡಗೋಳು ಮಲಗ್ಯಾವ. ಬರ್ರಿ."

"ನಾನು ಬಂದು ಏನು ಮಾಡಲಿ ಭಾಯಿ?"

"ಎರಡು ಕೈ ಅದಾವಿಲ್ಲೋ ನಿಮಗ?"

ನಿಮ್ಮ ಅಪ್ಪ ಕಾರಿನಲ್ಲಿ ಕರೆದೊಯ್ದ. ಕೆಲವು ಮರ ಮುರಿದೇ ಹೋಗಿದ್ದವು. ಉಳಿದವು ಒಂದು ಕಡೆಯ ಬೇರು ಕಿತ್ತು ವಾಲಿದ್ದವು, ಮೈತುಂಬ ಕಾಯಿ. ಪಕ್ಕದ ಸೇಬಿನ ತೋಟದ ಇಂಗ್ಲಿಷ್ ಮುದುಕ ಟ್ರ್ಯಾಕ್ಟರು, ಗರಗಸ ತಂದಿದ್ದ. ಕೊಂಬೆ ಅರ್ಧಕ್ಕೆ ಕತ್ತರಿಸಿ ಇವತ್ತೇ ಎತ್ತಿ ನಿಲ್ಲಿಸಿದರೆ ಉಳಿಯುತ್ತವೆ, ಬೇರು ಒಣಗಿದರೆ ಮುಗಿಯಿತು ಎಂದ. ಹೊಸದಾಗಿ ನೆಟ್ಟು ಫಲ ಕಾಣುವಷ್ಟು ಆಯಸ್ಸು ಭಾಯಿಗಿರಲಿಲ್ಲ. ಆದರೂ ಅವರು ಗರಗಸಕ್ಕೆ ಅಡ್ಡ ನಿಂತರು.

"ಕಾಯಿ ಹೊತ್ತ ಗಿಡಕ್ಕ ಗರಗಸ ಹಚ್ಚಂಗಿಲ್ಲ. ನಮ್ಮ ದಾದಿ, ಅಪ್ಪನ ಅವ್ವ, ಹೇಳ್ಯಾಳ."

ನಿಮ್ಮ ಅಪ್ಪ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಮುದುಕ ಆಕಾಶ ನೋಡಿದ. ನನ್ನ ಅಮ್ಮನೂ ಅದೇ ಹೇಳುತ್ತಿದ್ದಳು, ಅದು ಬಸುರಿಯನ್ನು ಹೊಡೆದ ಹಾಗೆ ಎಂದು. "ಹಾಗಾದ್ರೆ ಮೊದಲು ಕಾಯಿ ಬಿಡಿಸೋಣ" ಎಂದೆ. ಎಲ್ಲರೂ ನನ್ನತ್ತ ತಿರುಗಿದರು. ನಾಚಿಕೆಯಾಗಿ ಸೀದಾ ಹೋಗಿ ಒಂದು ಮರಕ್ಕೆ ಕೈ ಹಾಕಿದೆ.

ನಿಮ್ಮ ಅಪ್ಪ ಕನ್ನಡದವರ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ. ಡ್ಯೂಟಿ ಇಲ್ಲದ ಡಾಕ್ಟರುಗಳು, ಅವರ ಹೆಂಡಿರು ಮಕ್ಕಳು ಹಳೆಯ ಸೀರೆಗಳ ಸಮೇತ ಬಂದರು. ಮರದಡಿ ಸೀರೆ ಹಾಸಿ, ಕೋಲಿನಿಂದ ಬಡಿದು, ಬಲಿತದ್ದು ಎಳೆಯದು ಎಲ್ಲ ಉದುರಿಸಿದೆವು. ಮುದುಕ ಗೊಣಗುತ್ತಲೇ ಬೇರಿಗೆ ಒದ್ದೆ ಗೋಣಿ ಹೊದಿಸುತ್ತ ನಡೆದ. ಮರ ಬರಿದಾದಂತೆಲ್ಲ ಗರಗಸ ಆಡಿತು, ಟ್ರ್ಯಾಕ್ಟರು ಎಳೆಯಿತು, ಗೂಟ ಹೊಡೆದು ಹಗ್ಗ ಬಿಗಿದರು. ಸಂಜೆಗೆ ಮರಗಳು ಮತ್ತೆ ನಿಂತವು. ವಿಮೆಯವರು ಆಮೇಲೆ ಬೇಲಿಗೆ ಕೊಟ್ಟರು, ಮರಗಳಿಗೆ ಏನೂ ಕೊಡಲಿಲ್ಲ.

ಎತ್ತಿ ನಿಲ್ಲಿಸಿದವುಗಳಲ್ಲಿ ಕೆಲವು ಒಣಗಿದವು, ಹೆಚ್ಚಿನವು ಚಿಗುರಿದವು. ಅಂದಿನಿಂದ ಪ್ರತಿ ಅಕ್ಟೋಬರಿನಲ್ಲೂ ಭಾಯಿ ಫೋನ್ ಮಾಡುವರು, ನಾನು ಹೋಗುವೆ.

ಈ ವರ್ಷ ಜುಲೈಯಲ್ಲಿ ಅವರನ್ನು ಆಸ್ಪತ್ರೆಯಲ್ಲಿ ನೋಡಿದೆ. ಹೊದಿಕೆಯ ಮೇಲಿದ್ದ ಕೈ ಬೆಳ್ಳಗಿತ್ತು. "ನೋಡ್ರಿ, ಸಾಹೇಬನ ಕೈ ಆಗ್ಯಾವ" ಎಂದು ನಕ್ಕರು. ಆಮೇಲೆ, "ಹಗ್ಗ ಸಡ್ಲ ಮಾಡಸ್ರಿ ಅಕ್ಕಾರ. ಗಿಡ ದಪ್ಪ ಆದಂಗ ತೊಗಟಿ ಕೊಯ್ತದ." ಅದೇ ಕೊನೆಯ ಮಾತು. ವಾರದೊಳಗೆ ತೀರಿಕೊಂಡರು.

ತೋಟವನ್ನು ಈಗ ಅವರ ಮಗಳು ನೋಡಿಕೊಳ್ಳುತ್ತಾಳೆ. ಈ ಸಲ ಯಾರೂ ಫೋನ್ ಮಾಡಲಿಲ್ಲ. ನಾನೇ ಬಸ್ಸು ಹತ್ತಿ ಹೋದೆ. ಇಬ್ಬರೂ ಸೇರಿ ಹಗ್ಗ ಸಡಿಲಿಸಿ, ಕಾಯಿ ಸುಲಿದೆವು.

ಮೊನ್ನೆ ಊಟಕ್ಕೆ ಕೂತಾಗ ನೀವು "ಅಜ್ಜಿ, ವಾಶ್ ಯುವರ್ ಹ್ಯಾಂಡ್ಸ್" ಎಂದಿರಿ. ತೊಳೆದೇ ಬಂದಿದ್ದೆ, ಮಕ್ಕಳೇ. ಈ ಕಪ್ಪು ಕ್ರಿಸ್ಮಸ್‌ವರೆಗೆ ಹೋಗುವುದಿಲ್ಲ.