ಹದಿನಾಲ್ಕು ಸಾಲಿಗೂ ಸಮ ಅಂತರ

ನಮ್ಮ ಅಂಗಡಿಯಲ್ಲಿ ಬರೆದ ಬೋರ್ಡು ನೋಡಿ ದಾರಿ ತಪ್ಪುವವನು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ತಂದು ನಿಲ್ಲಿಸಿದರೂ ಬೋರ್ಡೇ ಇಳಿದು ಬಂದು ಕೈಹಿಡಿದು ಕರೆದುಕೊಂಡು ಹೋಗುತ್ತದೆ ಎಂದು ನಲವತ್ತು ವರ್ಷ ಕೊಚ್ಚಿಕೊಂಡಿದ್ದೇನೆ. ಬರೆಯುತ್ತಿದ್ದದ್ದು ಮಾತ್ರ ನಾನಲ್ಲ, ನನ್ನ ಅಕ್ಕ. ನಾನು ಗಿರಾಕಿಗಳ ತಲೆ ತಿನ್ನುವವನು, ಸ್ಕೇಲು ಹಿಡಿಯುವವನು.

ಅಕ್ಕ ಬರೆದ ‘ಠ’ ಎಷ್ಟು ಗುಂಡಗಿತ್ತೆಂದರೆ, ಪಕ್ಕದ ಸೈಕಲ್ ಅಂಗಡಿಯವನು ಅದಕ್ಕೆ ಗಾಳಿ ತುಂಬಲು ಪಂಪು ತಂದಿದ್ದ. ಸ್ಕೇಲಿಟ್ಟರೆ ಮಾತ್ರ ಅದು ಗೆರೆ ದಾಟಿ ಒಂದು ಕೂದಲೆಳೆ ಹೊರಗೆ. ನಾನು ರೇಗಿದರೆ, “ಗುಂಡಗಿರೋದನ್ನ ಗೆರೆಯೊಳಗೇ ಕೂರಿಸಿದ್ರೆ ಪಕ್ಕದ ಅಕ್ಷರದ ಮುಂದೆ ಕುಳ್ಳಗೆ ಕಾಣತ್ತೆ ಕಣೋ. ಕಣ್ಣಿಗೆ ನಿನ್ನ ಇಂಚು ಗೊತ್ತಿಲ್ಲ,” ಅನ್ನುತ್ತಿದ್ದಳು. ಬರೆದಾದ ಮೇಲೆ ಬೋರ್ಡನ್ನು ತಲೆಕೆಳಗು ಮಾಡಿ, ಹತ್ತು ಹೆಜ್ಜೆ ಹಿಂದೆ ಸರಿದು, ಕಣ್ಣು ಅರ್ಧ ಮುಚ್ಚಿ ನೋಡುವಳು. ಓದಲು ಬಾರದವರ ಹಾಗೆ ನೋಡಿದರೇ ಎಲ್ಲಿ ಭಾರ, ಎಲ್ಲಿ ಹಗುರ ಅನ್ನುವುದು ತಿಳಿಯುತ್ತದಂತೆ. ಭಾವನನ್ನೂ ಮೊದಲ ಸಲ ಹಾಗೇ ನೋಡಿದಳು. ಪಾಪ, ಅವತ್ತಿನಿಂದ ಆತ ಅವಳ ಮುಂದೆ ನೆಟ್ಟಗೆ ನಿಲ್ಲುವುದನ್ನು ಬಿಟ್ಟಿಲ್ಲ.

ಒಮ್ಮೆ ಆಸ್ಪತ್ರೆಯ ಬೋರ್ಡು ಬಂತು. ಕಂಬಕ್ಕೆ ಹೊಡೆಯುವ ಕಿರಿದಾದ, ಉದ್ದನೆಯ ಹಲಗೆ. ಏಳು ವಿಭಾಗಗಳ ಹೆಸರು. ಅಗಲ ಸಾಲದ್ದರಿಂದ ಪ್ರತಿ ಹೆಸರಿನ ಕೆಳಗೆ ಅದರ ಬಾಣ. ಅಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕುವಾಗ ಬಾಣವನ್ನು ಅದರ ಹೆಸರಿಗೆ ಅಂಟಿಸಿದಂತೆ ಇಟ್ಟು, ಮುಂದಿನ ಹೆಸರಿಗೆ ಮೊದಲು ದೊಡ್ಡ ಜಾಗ ಬಿಟ್ಟಿದ್ದಳು.

“ಇದೇನಕ್ಕಾ, ಹಲ್ಲು ಉದುರಿದ ಬಾಯಿ ಥರ?” ಎಂದು ಅಳಿಸಿ, ಹದಿನಾಲ್ಕು ಸಾಲಿಗೂ ಸಮ ಅಂತರ ಹಾಕಿದೆ.

“ಲೋ, ಹತ್ತಿರ ನಿಂತವರನ್ನ ಜೋಡಿ ಅಂತಾರೆ. ಎಲ್ಲರನ್ನೂ ಒಂದೇ ದೂರದಲ್ಲಿ ನಿಲ್ಲಿಸಿದ್ರೆ ಯಾರ ಗಂಡ ಯಾರು ಅಂತ ಹೇಗೋ ಗೊತ್ತಾಗ್ಬೇಕು?”

“ಅಂಗಡಿ ನಡೆಸೋನು ನಾನು.”

ಅವಳು ನಾನು ಹಾಕಿದ ಗುರುತಿನ ಮೇಲೇ ಬರೆದಳು.

ಮೂರು ವರ್ಷದ ಮೇಲೆ ಅಮ್ಮನಿಗೆ ಅದೇ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್. “ನಾಲ್ಕು ಗಂಟೆಗೆ ಒಳಗೆ ಕರ್ಕೊಂಡು ಹೋಗ್ತಾರೆ, ಮುಂಚೆ ನಿನ್ನ ಮುಖ ನೋಡ್ಬೇಕಂತೆ, ಓಡ್ಬಾ,” ಎಂದು ಅಕ್ಕನ ಫೋನು. ಐದು ನಿಮಿಷ ಇರುವಾಗಲೇ ಕಂಬದ ಮುಂದೆ ನಿಂತಿದ್ದೆ. ‘ಹೃದಯ ವಿಭಾಗ’. ಅದರ ಮೇಲೊಂದು ಬಾಣ ಎಡಕ್ಕೆ, ಕೆಳಗೊಂದು ಬಾಣ ಬಲಕ್ಕೆ. ಎರಡೂ ಅಷ್ಟಷ್ಟೇ ದೂರ. ನಾನೇ ಅಳೆದದ್ದು, ನನಗೇ ತಿಳಿಯಲಿಲ್ಲ. ಎಡಕ್ಕೆ ಓಡಿದೆ. ದಾರಿ ತಪ್ಪುವವನು ಹುಟ್ಟಿಲ್ಲ ಅಂದೆನಲ್ಲ, ಅವನು ನಮ್ಮ ಮನೆಯಲ್ಲೇ ಹುಟ್ಟಿದ್ದ.

ಉದ್ದನೆಯ ವರಾಂಡ ಮುಗಿಸಿ ಬಾಗಿಲು ತಳ್ಳಿದರೆ ಬಟ್ಟೆ ಒಗೆಯುವ ಕೋಣೆ. ಬ್ಲೀಚಿಂಗ್ ಪೌಡರಿನ ಘಾಟು, ಒದ್ದೆ ಹೊದಿಕೆಗಳ ಗುಡ್ಡ. ತಿರುಗಿ ಓಡಿ ಬರುವಷ್ಟರಲ್ಲಿ ಅಮ್ಮನನ್ನು ಒಳಗೆ ಒಯ್ದು ಬಾಗಿಲು ಹಾಕಿದ್ದರು. ಅಮ್ಮ ಮತ್ತೆ ಕಣ್ಣು ಬಿಡಲಿಲ್ಲ.

“ದಾರೀಲಿ ಬೈಕ್ ಪಂಚರ್ ಆಯ್ತು,” ಅಂದೆ.

ಅಕ್ಕ ಹೂಂ ಅಂದಳು.

ಲೋಕದ ಸುಳ್ಳನ್ನೆಲ್ಲ ಬೆಲ್ಲದ ಹಾಗೆ ಹಂಚಿದವನು ನಾನು. ಅದೊಂದು ಸುಳ್ಳು ಮಾತ್ರ ಹನ್ನೊಂದು ವರ್ಷವಾದರೂ ಕರಗಲಿಲ್ಲ. ಹೋದ ತಿಂಗಳು ಅದೇ ಬೋರ್ಡು ಹೊಸದಾಗಿ ಬರೆಸಲು ಬಂತು. ಅಕ್ಕನ ಕೈ ಈಗ ನಡುಗುತ್ತದೆ. ಅವಳು ಸ್ಟೂಲಿನ ಮೇಲೆ ಕೂತು ಎಲ್ಲಿ ಹತ್ತಿರ, ಎಲ್ಲಿ ದೂರ ಎಂದು ಹೇಳುತ್ತಿದ್ದಳು. ನಾನು ಬ್ರಷ್ ಹಿಡಿದಿದ್ದೆ. ‘ಹೃದಯ ವಿಭಾಗ’ ಬರೆದು ಬ್ರಷ್ ಕೆಳಗಿಟ್ಟೆ.

“ಅಕ್ಕಾ, ಅವತ್ತು ಪಂಚರ್ ಆಗಿರ್ಲಿಲ್ಲ.”

“ಗೊತ್ತು ಬಿಡು. ಪಂಚರ್ ಅಂಗಡೀಲಿ ಬ್ಲೀಚಿಂಗ್ ವಾಸ್ನೆ ಎಲ್ಲಿಂದ ಬರ್ಬೇಕು?”

“ಮತ್ತೆ ಯಾಕೆ ಬೈಲಿಲ್ಲ?”

“ಬರೆದ ಕೈ ನಂದೇ ಅಲ್ವೇನೋ.”

ಬ್ರಷ್ ಮತ್ತೆ ಬಣ್ಣಕ್ಕೆ ಅದ್ದಿದೆ. ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿಲ್ಲವಲ್ಲ, “ಅಳತೆ ಮಾತ್ರ ಒಂದು ಕೂದಲೂ ಹೆಚ್ಚುಕಡಿಮೆ ಇರ್ಲಿಲ್ಲಕ್ಕಾ,” ಅಂದೆ.

“ಇರ್ಲಿಲ್ಲ. ಅಮ್ಮನ್ನ ನೋಡೋಕೆ ಓಡಿಬಂದೋನ ಕೈಲಿ ಸ್ಕೇಲೂ ಇರ್ಲಿಲ್ಲ. ಬಾಣ ಇನ್ನೊಂಚೂರು ಮೇಲೆ, ಹೆಸರಿನ ಹತ್ತಿರ ಬರಿ.”