ಅಂಚು ಹಿಡಿಯುವ ತಾತ

"ಅಮ್ಮಾ, ಮಹಡಿ ಮನೆ ತಾತ ಬಿಸ್ಕತ್ತನ್ನೂ ಯಾಕೆ ಅಂಚಲ್ಲೇ ಹಿಡ್ಕೊಳ್ತಾರೆ?" ಎಂದು ಮಗಳು ಇವತ್ತು ಕೇಳಿದಳು. ಜೀವಮಾನವಿಡೀ ಹಳೇ ನಾಣ್ಯ ಕೂಡಿಟ್ಟ ಕೈ ಅದು. ನಾಣ್ಯದ ಮುಖಕ್ಕೆ ಬೆರಳು ತಾಕಿದರೆ ಬೆಲೆ ಬಿದ್ದುಹೋಗುತ್ತದೆಂಬ ಭಯ ಅವರ ಮೈಗೇ ಅಂಟಿಬಿಟ್ಟಿದೆ. ಹಾಲಿನವನು ಕೊಟ್ಟ ಚಿಲ್ಲರೆ, ನುಂಗುವ ಮಾತ್ರೆ, ಅಂಗಿಯ ಗುಂಡಿ, ಎಲ್ಲವನ್ನೂ ಅಂಚಿನಲ್ಲೇ ಹಿಡಿಯುತ್ತಾರೆ. ಈಗ ಚಿಕ್ಕ ಮನೆಗೆ ಹೋಗಬೇಕಾಗಿರುವುದರಿಂದ ನಾಣ್ಯಗಳನ್ನು ಮಾರಲು ಹೊರಟು, ಭೂತಗನ್ನಡಿ ಹಿಡಿದು ಬೆಲೆ ಕಟ್ಟುತ್ತ ಕೂತಿದ್ದಾರೆ. ಬೆಳಿಗ್ಗೆ ಕಟ್ಟಿದ ಬೆಲೆ ಊಟದ ಹೊತ್ತಿಗೆ ದುಪ್ಪಟ್ಟಾಗುತ್ತದೆ. ವ್ಯಾಪಾರಿ ಫೋನ್ ಮಾಡಿದ ಕೂಡಲೇ ಅರ್ಧಕ್ಕಿಳಿಯುತ್ತದೆ. ನನ್ನ ಮಗಳು ಹತ್ತಿರ ಸುಳಿದರಂತೂ, "ಏ ಪುಟ್ಟಿ, ಜಾಮ್ ಕೈ ದೂರ ಇಡು! ನಿನ್ನ ಒಂದು ಬೆರಳಿಗೆ ನನ್ನ ಅರ್ಧ ಆಸ್ತಿ ಹೋಗುತ್ತೆ!" ಎಂದು ಪೆಟ್ಟಿಗೆ ಮುಚ್ಚಿಬಿಡುತ್ತಾರೆ. ಅಂಥವರು ಇವತ್ತು ಸಂಜೆ ತಾವಾಗಿಯೇ ಕೆಳಗಿಳಿದು ಬಂದರು. ಅಂಚು ಗಿಂಚು ನೋಡದೆ ಮುಷ್ಟಿಯಲ್ಲಿ ಬಿಗಿಹಿಡಿದಿದ್ದ ತಾಮ್ರದ ನಾಣ್ಯವೊಂದನ್ನು ನನ್ನ ಕೈಗಿಟ್ಟರು. "ಇದು ಮದುವೆಯಾದ ಹೊಸದರಲ್ಲಿ ನನ್ನ ಹೆಂಡ್ತಿ ಕೊಟ್ಟಿದ್ದು ಕಣಮ್ಮಾ, ನನ್ನ ಮೊದಲ್ನೇ ನಾಣ್ಯ. ಬೆಲೆಬಾಳೋದನ್ನೆಲ್ಲ ಕೊಡ್ತೀನಿ ಅಂತ ವ್ಯಾಪಾರಿಗೆ ಮಾತು ಕೊಟ್ಟುಬಿಟ್ಟಿದೀನಿ, ನಾಳೆ ಬರ್ತಾನೆ. ನಿನ್ನ ಮಗಳ ಜಾಮ್ ಕೈಲಿ ಇದನ್ನೊಂಚೂರು ಚೆನ್ನಾಗಿ ಉಜ್ಜಿಸಿಕೊಡ್ತೀಯಾ, ತಾಯಿ?"