ಹೆಸರು ಹೇಳಲಾರದವನನ್ನು ಹುಡುಕಿದ ಕ್ರಾಲರ್

"ಅಕ್ಕಾರ, ನಮ್ಮಣ್ಣಗ ಮಾತು ಬರಂಗಿಲ್ರಿ, ಕಿವಿನೂ ಕೇಳಂಗಿಲ್ಲ. ಯಾರರ ಕೈಗೆ ಸಿಕ್ಕರೂ ತಾ ಯಾರಂತ ಹೆಂಗ ಹೇಳ್ತಾನ್ರಿ?"

ಒಲೆಯ ಮುಂದೆ ನಿಂತು ಹೀಗೆ ಕೇಳಿದವರು ಮಲ್ಲಮ್ಮ.

ಯಾದಗಿರಿ ಕಡೆಯವರು. ಕಗ್ಗದಾಸಪುರದ ಬಾಡಿಗೆ ರೂಮಿನಿಂದ ಜೀವನ್ ಬಿಮಾ ನಗರದ ನಮ್ಮ ಮನೆಗೆ ಅಡುಗೆಗೆ ಬರುತ್ತಾರೆ. ಊರಿಂದ ಬಂದಿದ್ದ ಅಣ್ಣ ಶರಣಪ್ಪ ಕೆ.ಆರ್. ಪುರ ರೈಲ್ವೆ ಸ್ಟೇಷನ್ನಿನ ಗದ್ದಲದಲ್ಲಿ ಕೈತಪ್ಪಿ ತಿಂಗಳುಗಳೇ ಆಗಿದ್ದವು. ಆತ ಶಾಲೆಗೆ ಹೋದವನೂ ಅಲ್ಲ. ಪೊಲೀಸರಿಗೆ ದೂರು ಕೊಟ್ಟಾಗಿತ್ತು. ಕಂಬಕಂಬಕ್ಕೆ ಫೋಟೋ ಅಂಟಿಸಿಯೂ ಆಗಿತ್ತು.

ನನ್ನ ತಂಗಿಯ ಮಗಳು ಸಿಂಧು ಇಂದಿರಾನಗರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾಳೆ. ಭಾನುವಾರ ಬಂದವಳಿಗೆ ವಿಷಯ ಹೇಳಿದೆ. ಹೀಗೆ ಸಿಕ್ಕವರ ವಿವರವನ್ನು ದಿಕ್ಕಿಲ್ಲದವರನ್ನು ಸಾಕುವ ಆಶ್ರಮಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಿರುತ್ತವೆ, ಒಳಗೆಲ್ಲೋ ಹೂತಿರುವ ಆ ಪುಟಗಳು ಸರ್ಚ್ ಮಾಡಿದರೆ ಸಿಗುವುದಿಲ್ಲ, ವೆಬ್ ಕ್ರಾಲರ್ ಬಿಡೋಣ ಎಂದಳು. ಲಿಂಕಿನಿಂದ ಲಿಂಕಿಗೆ ಹೋಗುತ್ತಾ ಪುಟಗಳನ್ನೆಲ್ಲ ಓದಿ, ನಾವು ಕೊಟ್ಟ ಪದ ಎಲ್ಲಿದೆ ಎಂದು ತಿಳಿಸುವ ಪ್ರೋಗ್ರಾಂ ಅದು. (ಎದುರಾಳಿಗಳ ರೇಟು ತಿಳಿಯಲು ಕಂಪನಿಗಳು ದಿನವೂ ಬಿಡುತ್ತವಂತೆ.)

ಆದರೆ ಯಾವುದನ್ನು ಆರಿಸುವುದು? ಕೆ.ಆರ್. ಪುರದಿಂದ ತಮಿಳುನಾಡಿಗೂ ರೈಲು ಹೋಗುವುದರಿಂದ ತಮಿಳು ಸೈಟುಗಳನ್ನೂ ಓದಬೇಕಿತ್ತು. ದೊಡ್ಡದರ ಬಾಡಿಗೆ ನಮ್ಮ ಕೈಗೆಟುಕುವಂತಿರಲಿಲ್ಲ. ಒಂದು ಫ್ರೀ ಕ್ರಾಲರ್ ಕೆಲವೇ ಪುಟ ಓದಿ ಕಾರ್ಡ್ ನಂಬರ್ ಕೇಳಿತು. ಇನ್ನೊಂದು ಕನ್ನಡ, ತಮಿಳು ಅಕ್ಷರಗಳನ್ನೆಲ್ಲ ಖಾಲಿ ಚೌಕ ಮಾಡಿ ತಂದಿತು. ಮತ್ತೊಂದು ನುಗ್ಗಿದ ರಭಸಕ್ಕೆ ಆಶ್ರಮವೊಂದರ ಸೈಟು ನಮ್ಮನ್ನು ಬ್ಲಾಕ್ ಮಾಡಿತು. ಕೊನೆಗೆ ಸಿಂಧು ಆರಿಸಿದ್ದು, ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ, ಅವಳ ಲ್ಯಾಪ್‌ಟಾಪಿನಲ್ಲೇ ಓಡುವ ಒಂದನ್ನು. ನಿಧಾನ. ಆದರೆ ನಮ್ಮ ಲಿಪಿಗಳನ್ನು ಸರಿಯಾಗಿ ಓದುತ್ತಿತ್ತು.

ಸರಿ, ಏನೆಂದು ಹುಡುಕಬೇಕು? ಹೆಸರಿನಿಂದ ಪ್ರಯೋಜನವಿಲ್ಲ. ಬಲಗೈ ಮೇಲೆ ಅವ್ವನ ಹೆಸರಿನ ಹಚ್ಚೆ ಇದೆ ಎಂದರು ಮಲ್ಲಮ್ಮ. ಹಚ್ಚೆ, ಬಲಗೈ, ಮಾತು ಬಾರದವ ಎಂದು ಕನ್ನಡ, ಇಂಗ್ಲಿಷ್, ತಮಿಳಿನಲ್ಲಿ ಕೊಟ್ಟೆವು. ತಮಿಳಿಗೆ ಹಲಸೂರಿನ ಗೆಳತಿ ಸೆಲ್ವಿ ನೆರವಾದಳು.

ಆ ವಾರದಲ್ಲೇ ತಮಿಳುನಾಡಿನ ಆಶ್ರಮವೊಂದರ ಪುಟ ಸಿಕ್ಕಿತು. ಹತ್ತಾರು ಫೋಟೋಗಳ ನಡುವೆ ತಲೆ ಬೋಳಿಸಿದ ಬಡಕಲು ಮನುಷ್ಯನ ಫೋಟೋ. ಮಾತಿಲ್ಲ, ಬಲಗೈಯಲ್ಲಿ ಕನ್ನಡದ ಹಚ್ಚೆ ಎಂದು ಕೆಳಗೆ ತಮಿಳಿನಲ್ಲಿ ಬರೆದಿತ್ತು. ಮಲ್ಲಮ್ಮ ಸ್ಕ್ರೀನಿನ ಮೇಲೆ ಕೈಯಿಟ್ಟರು.

"ನಮ್ಮಣ್ಣನ ರೀ," ಎಂದರು.

ಆ ಪುಟ ಹಾಕಿ ತಿಂಗಳುಗಳಾಗಿದ್ದವು. ಇಲ್ಲಿ ಮಲ್ಲಮ್ಮ ಕಂಬಗಳಿಗೆ ಗೋಂದು ಹಚ್ಚುತ್ತಿದ್ದಾಗ ಆತ ಅಲ್ಲಿದ್ದ, ಇಡೀ ಲೋಕಕ್ಕೆ ಕಾಣುವಂತೆ. (ಆನ್‌ಲೈನ್‌ನಲ್ಲಿ ಹಾಕಿದರೆ ಎಲ್ಲರಿಗೂ ತಲುಪಿತು ಅಂದುಕೊಳ್ಳುತ್ತೇವಲ್ಲ!) ಅಷ್ಟರಲ್ಲಿ ಊರಿನಲ್ಲಿ ಅವ್ವ ತೀರಿಕೊಂಡಿದ್ದರು. ಕರೆತರಲು ಹೋದ ಮಲ್ಲಮ್ಮ ಅದನ್ನು ಸನ್ನೆಯಲ್ಲಿ ತಿಳಿಸಿದಾಗ, ಶರಣಪ್ಪ ಹಚ್ಚೆಯ ಮೇಲೆ ಅಂಗೈ ಮುಚ್ಚಿ ಕುಳಿತುಬಿಟ್ಟನಂತೆ.

ಮೊನ್ನೆ ಸಿಂಧು ಕೇಳಿದಳು, "ದೊಡ್ಡಮ್ಮ, ಇನ್ನು ಕ್ರಾಲರ್ ನಿಲ್ಲಿಸ್ಬಿಡ್ಲಾ?"

ಬೇಡ, ಇನ್ನು ಕಾಣೆಯಾದವರ ಪ್ರಕಟಣೆಗಳನ್ನು ಓದಲಿ ಎಂದೆ. ಶರಣಪ್ಪನ ಅಕ್ಕಪಕ್ಕದ ಫೋಟೋಗಳಲ್ಲಿದ್ದವರನ್ನು ಯಾರು ಹುಡುಕುತ್ತಿದ್ದಾರೆ?